ಮಾತ್ರೆಗೆ ಮುಂಚಿನ ಕಾಫಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ, ತುಂಬಾ ತುಂಬಾ ಪ್ರೀತಿಯ ರೀ,

ಹೇಗಿದ್ದೀರಿ? ಹಡಗಿನವರಿಗೆಲ್ಲ ಬೇಯಿಸಿ ಬಡಿಸುವ ಗಡಿಬಿಡಿಯಲ್ಲಿ ನೀವು ಹೊಟ್ಟೆತುಂಬ ಉಣ್ಣುತ್ತಿದ್ದೀರಾ? ನಿಮ್ಮ ದಿಂಬಿಗೆ ದಿನವೂ ಗುಡ್ ಮಾರ್ನಿಂಗ್ ಹೇಳುತ್ತೇನೆ, ಯಾರಿಗೂ ಹೇಳಬೇಡಿ. ಇಂಗ್ಲಿಷ್ ಶಾಲೆಯವಳ ಒತ್ತಕ್ಷರಗಳನ್ನು ಕ್ಷಮಿಸಿ. ಮುಂದಿನದನ್ನು ಕುಳಿತು ಓದಿ. ಅತ್ತೆ ಈಗ ಮನೆಯಲ್ಲೇ ಇದ್ದಾರೆ, ಎದ್ದು ಓಡಾಡುತ್ತಿದ್ದಾರೆ. ಆದರೆ ಕಳೆದ ವಾರ ಆಸ್ಪತ್ರೆಗೆ ಸೇರಿಸಬೇಕಾಯಿತು.

ಮುಂಗೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಪಕ್ಕ ಯಾರದೋ ಪ್ಯಾಂಟು ಕತ್ತರಿಸುತ್ತಿದ್ದರು. ಕತ್ತರಿ ಕೆಳಗೆ ಬಿತ್ತು. ಏನೋ ಹೇಳಹೋದರು, ಮಾತು ತೊದಲಿತು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾರಲ್ಲ, ಹಾಗೇ ಅಂದುಕೊಂಡು ನಾನು ನಕ್ಕೆ. ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ, ರೀ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಔಷಧಿ ಅಂಗಡಿಯಣ್ಣ ಓಡಿಬಂದು ಕಾರು ತಂದರು.

ಲಕ್ವವೇ ಹೊಡೆಯಿತೆಂದು ಹೆದರಿದ್ದೆವು. ಸಂಜೆಯೊಳಗೆ ಕೈ ಆಡಿತು, ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ರಕ್ತ ಪರೀಕ್ಷೆಯಲ್ಲಿ ಮಾತ್ರ ಥೈರಾಯ್ಡ್ ಪಾತಾಳಕ್ಕಿಳಿದಿತ್ತು. ಅದು ಅಷ್ಟು ಕುಸಿದರೆ ಅಪರೂಪಕ್ಕೆ ಹೀಗೂ ಆಗುತ್ತದೆ, ನೋಡುವವರಿಗೆ ಲಕ್ವದ ಹಾಗೇ ಕಾಣುತ್ತದೆ ಎಂದರು ಡಾಕ್ಟರ್. ದಿನಾ ನುಂಗುವ ಥೈರಾಯ್ಡ್ ಮಾತ್ರೆ ಬಿಟ್ಟಿದ್ದೀರಾ ಎಂದು ಕೇಳಿದರು. ಅತ್ತೆ ನನ್ನತ್ತ ನೋಡಿದರು.

ಆ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕಂತೆ, ಆಮೇಲೆ ಸ್ವಲ್ಪ ಹೊತ್ತು ಕಾಫಿ ಕುಡಿಯಬಾರದಂತೆ. ನಾನೋ, ಹೊಸ ಸೊಸೆಯ ಉಮೇದಿನಲ್ಲಿ, ಅವರು ಕಣ್ಣು ಬಿಡುವ ಮೊದಲೇ ಹಾಸಿಗೆಗೆ ಕಾಫಿ ಒಯ್ದು, ಲೋಟ ಖಾಲಿಯಾಗುವ ತನಕ ಪಕ್ಕದಲ್ಲೇ ಕುಳಿತು ಹರಟುತ್ತಿದ್ದೆ. ಅವರು ಮಾತ್ರೆಯನ್ನೇ ಬಿಟ್ಟುಬಿಟ್ಟರು. ಯಾಕೆ ಹೇಳಲಿಲ್ಲ ಎಂದು ಅಳುತ್ತ ಕೇಳಿದೆ. "ಅಷ್ಟು ಆಸೆಯಿಂದ ತರ್ತಿದ್ದೆ ಕಣೇ ಹುಚ್ಚಿ, ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ" ಎಂದರು. ಬಿಸಿಲಲ್ಲೂ ಸ್ವೆಟರ್ ಹಾಕುತ್ತಿದ್ದರು. ಮುಖ ಊದಿತ್ತು. ಮೈ ತುಂಬಿಕೊಂಡಿದ್ದೀರಿ, ಎಲ್ಲ ನನ್ನ ಕೈಗುಣ ಎಂದು ಬೀಗಿದ್ದೆ. ಅವೆಲ್ಲ ಥೈರಾಯ್ಡ್ ಇಳಿದ ಲಕ್ಷಣಗಳಂತೆ.

ನಿಮಗೆ ತಿಳಿಸಕೂಡದೆಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು. ಮುರಿದಿದ್ದೇನೆ. ಕುದಿಯುವ ಪಾತ್ರೆಗಳ ಹತ್ತಿರ ಜೋಪಾನ, ಕಡಲು ನಿಮ್ಮನ್ನು ಹೆಚ್ಚು ಕುಲುಕದಿರಲಿ.

ನಿಮ್ಮ
ಮಾತಿನಮಲ್ಲಿ

ಇನ್ನೊಂದು ಮಾತು. ಮನೆಗೆ ಕಳಿಸುವಾಗ ಡಾಕ್ಟರ್ ನನ್ನನ್ನು, ಇವರ ಮಾತು ಮೊದಲಿನಂತಾಗಿದೆಯೇ ಎಂದು ಕೇಳಿದರು. ನನಗೆ ಗೊತ್ತಾಗಲಿಲ್ಲ. ಈ ಮನೆಗೆ ಬಂದಾಗಿನಿಂದ ನಾನೇ ಮಾತಾಡಿದ್ದು, ಅವರ ದನಿಗೆ ಕಿವಿಗೊಟ್ಟೇ ಇಲ್ಲ. ನಿಮಗೆ ಗೊತ್ತಿರುತ್ತದೆ. ರಜೆ ಹಾಕಿ ಬನ್ನಿ. ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡು, ಇದು ಅಮ್ಮನ ದನಿಯೇ ಅಂತ ನನಗೆ ಹೇಳಿ.