ತೋಟದ ಕೆಳಮೂಲೆ

ಏನೂಂದ್ರೆ,

ಇದ್ದಾಗ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯಲೂ ಕೈ ಬರುತ್ತಿಲ್ಲ. ಹೀಗೇ ಕರೆಯುತ್ತೇನೆ. ನಾನೇ ಅಂತ ಗೊತ್ತಾಗುತ್ತದಲ್ಲ?

ತಿಪಟೂರಿನ ಕೊಬ್ಬರಿ ಲೋಡನ್ನು ರಾಜಸ್ಥಾನದಲ್ಲಿ ಇಳಿಸಿ, ನಮ್ಮೂರ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೇಳಿದ್ದಕ್ಕಿಂತ ತಡವಾಗಿ ನೀವು ಮನೆಗೆ ಬಂದ ಸಂಜೆ ನೆನಪಿದೆಯಾ? ನಾನು ಪಾತ್ರೆ ತೊಳೆದ ನೀರನ್ನು ಬಕೆಟ್ಟಿಗೆ ತುಂಬಿಕೊಂಡು ತೋಟದ ಕೆಳಮೂಲೆಗೆ ಹೊರಟಿದ್ದೆ. ಬೋರ್‌ವೆಲ್ ಇದ್ದರೇನು, ಕರೆಂಟು ಇರಬೇಕಲ್ಲ? ಆ ಮೂಲೆಯ ಮೂರು ತೆಂಗು ನನ್ನ ಬಚ್ಚಲ ನೀರು ಕುಡಿದೇ ಹೊಂಬಾಳೆ ಬಿಟ್ಟವು. ನಮ್ಮ ಮನೆಯಲ್ಲಿ ಒಂದು ಚೆಂಬು ನೀರೂ ದಂಡವಾಗುವುದಿಲ್ಲ ಎಂದು ನನಗೆ ಬಲು ಜಂಬ.

ನೀವು ಬಕೆಟ್ ನೋಡಿ ನಕ್ಕಿರಿ. "ಆ ಮರಳುಗಾಡ್ನಾಗೂ ನಿನ್ನಂಗೇ ಜಿಪುಣಿಯರು ಅವ್ರೆ ಕಣೇ. ಆದ್ರೆ ಬಚ್ಚಲ ನೀರು ಉಳಿಸಿ ಸುಮ್ಕಾಗ್ಲಿಲ್ಲ ಅವ್ರು. ಹಳ್ಳಹಳ್ಳಕ್ಕೂ ಮಣ್ಣಿನ ಒಡ್ಡು ಹಾಕಿ ಮಳೆ ನೀರ್ನೂ ಉಳಿಸವ್ರೆ. ಬರೀ ಮರಳಿದ್ದ ಹೊಳೆ ಈಗ ಹರೀತೈತೆ. ನಾನೇ ಲಾರಿ ನಿಲ್ಸಿ ಮುಖ ತೊಳ್ಕಂಡು ಬಂದೆ." ಆಮೇಲೆ ಮೆಲ್ಲಗೆ ಕೇಳಿದಿರಿ: "ನಮ್ಮ ತ್ವಾಟದ ಕೆಳಮೂಲೇಲಿ ಹಳ್ಳ ಇಕ್ಕಟ್ಟಾಗೈತೆ. ಅಲ್ಲೊಂದು ಒಡ್ಡು ಹಾಕ್ಸಾನಾ?"

ನಾನು ಮೈಮೇಲೆ ಬಂದವಳ ಹಾಗೆ ಆಡಿದೆ. "ನನ್ನ ಮರ ಮುಳುಗ್ಸಿ ಕೆಳಗ್ಲ ಹಟ್ಟಿಯೋರಿಗೆ ನೀರು ಕುಡಿಸ್ತೀರಾ? ಮನೆಗೆ ಮಾರಿ, ಊರಿಗೆ ಉಪಕಾರಿ!" ನೀವು "ಆಯ್ತು ಬುಡು" ಎಂದಿರಿ. ಮತ್ತೆ ನನ್ನೆದುರು ಆ ಮಾತು ಎತ್ತಲೇ ಇಲ್ಲ. ಒಂದು ಸಲವಾದರೂ ಜಗಳ ಆಡಬಾರದಿತ್ತಾ? ಆಡಿದ್ದರೆ ನಾನು ಸೋಲುತ್ತಿದ್ದೆನೋ ಏನೋ...

ಆಮೇಲೊಂದು ದಿನ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ನೀವು ಏಳಲೇ ಇಲ್ಲ. ಎಲ್ಲಿ ಮಣ್ಣು ಮಾಡುವುದು ಎಂದು ನಿಮ್ಮ ತಮ್ಮ ಕೇಳಿದಾಗ ನಾನು ಕೆಳಮೂಲೆಯ ಮರಗಳ ಬುಡ ತೋರಿಸಿದೆ. ನೆರಳಿದೆ ಎಂದೆ. ನೆರಳಿಗಷ್ಟೇನಾ? ನಿಮ್ಮನ್ನು ಅಲ್ಲಿ ಮಲಗಿಸಿದರೆ ಇನ್ನು ಯಾರೂ ಒಡ್ಡಿನ ಮಾತು ಆಡುವುದಿಲ್ಲ ಅಂತ... ಬೇಡ ಬಿಡಿ. ಆ ಹೊತ್ತಿನಲ್ಲೂ ಮರಗಳನ್ನು ನೆನೆದವಳು ನಾನು. ನಾಚಿಕೆಯಾಗುತ್ತದೆ.

ಮರುವರ್ಷದ ಬೇಸಿಗೆಯಲ್ಲಿ ಹಳ್ಳದ ಮರಳನ್ನು ಎಷ್ಟು ಬಗೆದರೂ ಒರತೆ ಸಿಗಲಿಲ್ಲ. ಕೆಳಗಿನ ಹಟ್ಟಿಯ ಪುಟ್ಟಕ್ಕ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದಳು. ತುಂಬಿಸಿಕೊಟ್ಟೆ. ಹೊರಟವಳು ನಿಂತು, "ಅಣ್ಣ ಅಂತಿದ್ದಂಗೆ ಒಡ್ಡು ಹಾಕಿದ್ರೆ ನಮ್ಗೂ ಒಂದೀಟು ಒರತೆ ಸಿಕ್ತಿತ್ತು. ಈಗೆಂಗೆ ಕೇಳಾನವ್ವ, ಅಣ್ಣ ಅಲ್ಲೇ ಮಲಗವ್ನೆ" ಎಂದಳು.

ಮಾರನೆಯ ದಿನ ಹಟ್ಟಿಗೆ ನಾನೇ ಹೋಗಿ ಒಡ್ಡು ಹಾಕಿಕೊಳ್ಳಿ ಎಂದೆ. ನಿಮ್ಮ ತಮ್ಮ ಕೆರಳಿದ. "ಅಣ್ಣನ್ನ ನೀರಿಗೆ ಹಾಕ್ತೀಯೇನತ್ತಿಗೆ?" "ಅವರು ಕೇಳಿದ್ದೇ ಅದು ಕಣಪ್ಪ" ಎಂದೆ. ಹೇಳುವಾಗಲೇ ಅಳು ಬಂತು. ನೀವು ಕೇಳಿದಾಗ ಮೂರು ಮರ ಬಿಡಲಾರದವಳು ಈಗ ನಿಮ್ಮನ್ನೇ ಬಿಟ್ಟುಕೊಟ್ಟೆ.

ಎಲ್ಲರೂ ಮಣ್ಣು ಹೊತ್ತರು, ನಾನೂ ಹೊತ್ತೆ. ಮೊದಲ ವರ್ಷ ನೀರು ಮರಗಳ ಬುಡ ಮುಟ್ಟಿತಷ್ಟೇ. ಅಷ್ಟಕ್ಕೇ ಈ ಬೇಸಿಗೆ ಹಟ್ಟಿಯವರ ಒರತೆ ಬತ್ತಲಿಲ್ಲ. ಹಳ್ಳ ನೀವು ಕಂಡ ಆ ಹೊಳೆಯ ಹಾಗೆ ಹರಿಯುತ್ತಿದೆ ಎಂದು ಸುಳ್ಳು ಹೇಳಲಾರೆ; ಮರಳು ಕೆರೆದರೆ ನೀರಿದೆ. ನನ್ನ ಮರಗಳ ಗರಿಗಳು ಹಳದಿಯಾಗಿವೆ. ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ, ನಗಬೇಡಿ.

ಈ ಸಲ ಉತ್ತರೆ ಮಳೆ ಜೋರಾಗಿ ಹೊಯ್ದು ಒಡ್ಡು ತುಂಬಿತು. ಪಿತೃಪಕ್ಷಕ್ಕೆ ನಿಮಗಿಷ್ಟವಾದ ಕಜ್ಜಾಯ ಮಾಡಿ ಎಡೆ ತಂದೆ. ತಪ್ಪು ತಿಳಿಯಬೇಡಿ, ಒಡ್ಡಿನ ಮೇಲೇ ಇಟ್ಟು ಕೈಮುಗಿದು ಬಂದೆ. ನಿಮ್ಮ ಹತ್ತಿರಕ್ಕೆ ಬರಲು ದಾರಿ ಇರಲಿಲ್ಲ. ನಮ್ಮಿಬ್ಬರ ನಡುವೆ ನೀರು ನಿಂತಿತ್ತು.