ದೋಣಿಯ ತಳಕ್ಕೆ ನಮ್ಮ ಬ್ಯಾನರು

ಮಾರ್ಚ್ 9, ಭಾನುವಾರ

ಪ್ರೀತಿಯ ಗಿಡ್ಡಿ,

ಹನ್ನೊಂದು ವರ್ಷ ನಿನಗೆ ಒಂದು ಸಾಲೂ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು, ಮುಖವಿರಲಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಸುದ್ದಿ ಏನಪ್ಪಾ ಅಂದರೆ, ನಾನು ದೋಣಿ ಮಾಡಿದ್ದೇನೆ! ಕಯಾಕ್ ಅಂತಾರಲ್ಲ, ಬಿಡಿಸಿದ ಬಟಾಣಿ ಕಾಯಿಯಂತೆ ಉದ್ದಕ್ಕಿರುತ್ತದಲ್ಲ, ಅದು. ಮೂವತ್ತು ವರ್ಷ ಊರವರ ಬಾಗಿಲು ಕಿಟಕಿ ಮಾಡಿದ ಬಡಗಿಗೆ ದೋಣಿ ಯಾವ ಲೆಕ್ಕ? ಪ್ಲೈವುಡ್ ಬಾಗಿಸಿ, ತಾಮ್ರದ ತಂತಿಯಲ್ಲಿ ಹೊಲಿದು, ಎರಡು ಸೀಟು ಕೂರಿಸಿದೆ. ಎರಡೇಕೆ ಎಂದು ಆಮೇಲೆ ಹೇಳುತ್ತೇನೆ.

ಸೊಸೆ ತಳಕ್ಕೆ ಬೆರಳಲ್ಲಿ ತಟ್ಟಿ ನೋಡಿದಳು. "ಅತ್ತೆ, ಇದು ದೋಣಿಯಲ್ಲ, ಬೂಟಿನ ಡಬ್ಬ. ಒಂದು ಕಲ್ಲು ತಾಗಿದ್ರೆ ನೀವು ಮೀನಿನ ಪಾಲು."

ಮಾತು ನಿಜ. ತಳಕ್ಕೆ ಗಟ್ಟಿ ಬಟ್ಟೆ ಹಾಸಿ, ಅಂಟು ಕುಡಿಸಿ ಒಣಗಿಸಿದರೆ ಕಲ್ಲು ಉಜ್ಜಿದರೂ ಮರ ಉಳಿಯುತ್ತದೆ. ಬಟ್ಟೆಗಾಗಿ ಅಟ್ಟ ಹತ್ತಿದೆ. ಸಿಕ್ಕಿದ್ದೇನು ಗೊತ್ತಾ? ನಮ್ಮ ಬ್ಯಾನರು! "ನೀರು ಮಾರಾಟಕ್ಕಿಲ್ಲ." ನಮ್ಮ ಹೊಳೆಯನ್ನು ಬಾಟಲಿಗೆ ತುಂಬಿ ನಮಗೇ ಮಾರಲು ಬಂದ ಕಂಪನಿಯ ಗೇಟಿನ ಮುಂದೆ ಹಿಡಿದು ನಿಂತೆವಲ್ಲ, ಅದೇ. ನೀನು ಗಿಡ್ಡಿ, ನಾನು ಲಂಬು. ನಮ್ಮ ಘೋಷಣೆ ಒಂದು ದಿನವೂ ನೆಟ್ಟಗಿದ್ದಿಲ್ಲ.

ಹಾಸಿದೆ, ಅಂಟು ಸವರಿದೆ. "ನೀರು" ಇದ್ದ ತುದಿಯಲ್ಲಿ ಕೋಲು ತೂರಿಸುವ ಹೊಲಿಗೆ ಕಿತ್ತುಹೋಗಿತ್ತು. ಅಲ್ಲಿ ಎರಡು ಪದರ ಕೊಟ್ಟೆ. ದಡಕ್ಕೆ ಮೊದಲು ಉಜ್ಜುವ ಮೂತಿಗೆ ಹಿತ್ತಾಳೆ ಪಟ್ಟಿ ಬಡಿದೆ. ಅಂಟು ಒಣಗಿದಾಗ ಕೆಂಪಕ್ಷರಗಳು ಗಾಜಿನೊಳಗೆ ಇಟ್ಟಂತೆ ಹೊಳೆದವು.

"ಓದೋರು ಮೀನುಗಳು ಮಾತ್ರ," ಎಂದು ಸೊಸೆ ನಕ್ಕಳು.

ಮೀನಲ್ಲ ಕಣೇ, ಊರೇ ಓದಿತು! ದೋಣಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಹೊರಟೆವು. ಮುಂದೆ ಸೊಸೆ, ಹಿಂದೆ ನಾನು. ಅವಳೂ ನಿನ್ನಷ್ಟೇ ಎತ್ತರ. ಘೋಷಣೆ ಮತ್ತೆ ಓರೆ. ಮಹಡಿಗಳಿಂದ ಜನ ಬಗ್ಗಿ ಓದಿದರು. ದರ್ಜಿ ಕತ್ತರಿ ಹಿಡಿದೇ ಬಂದ. ಕ್ಷೌರದಂಗಡಿಯಿಂದ ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ಬಂದ. ಕಂಪನಿ ಗೇಟು ತಲುಪುವಾಗ ಹಿಂದೆ ನಲವತ್ತು ಜನ! ಕಾವಲಿನವನು ಓಡಿಬಂದ.

"ಅಮ್ಮಾ, ಮೆರವಣಿಗೆಗೆ ಪರ್ಮಿಷನ್ ಇದೆಯಾ?"

"ಮೆರವಣಿಗೆ ಅಲ್ಲಪ್ಪ, ದೋಣಿ."

"ಮತ್ತೆ ಆ ಬರಹ?"

"ಅದು ತೇಪೆ!"

ಹೊಳೆ ಯಾರಪ್ಪನ ಆಸ್ತಿಯೂ ಅಲ್ಲ. ಇಳಿಸಿಯೇ ಬಿಟ್ಟೆವು. ಕಲ್ಲುಗಳ ಮೇಲೆ ಕರಕರ ಉಜ್ಜಿಕೊಂಡೇ ದಾಟಿತು. ಒಂದು ಹನಿ ಒಳಗೆ ಬರಲಿಲ್ಲ.

ನಿನ್ನ ಮಂಡಿನೋವು ಆ ಕಂಪನಿಯ ಮಾಲೀಕನಿಗೆ ಹತ್ತಲಿ. ನೀನು ನೂರು ವರ್ಷ ಜಗಳಾಡಿಕೊಂಡು ಬಾಳು.

ನಿನ್ನ
ಲಂಬು

ತಾ.ಕ.: ಪೊಲೀಸರು ನುಗ್ಗಿದ ದಿನ ಬ್ಯಾನರು ಬಿಟ್ಟು ಓಡಿದವಳು ಗಿಡ್ಡಿ ಎಂದು ಊರೆಲ್ಲ ಆಡಿಕೊಂಡಿತು. ನೀನು ಊರು ಬಿಟ್ಟೆ. ನಾನು ಬಾಯಿ ಬಿಡಲಿಲ್ಲ, ಗೇಟಿನ ಬಳಿ ಬಿದ್ದಿದ್ದ ಬ್ಯಾನರನ್ನು ತಂದು ಅಟ್ಟಕ್ಕೆ ಹಾಕಿಬಿಟ್ಟೆ. "ನೀರು" ನಿನ್ನ ಕಡೆಯಿತ್ತು. ಹಿಡಿದುಕೊಂಡವಳ ತುದಿ ತಾನೇ ಹರಿಯುವುದು? ನನ್ನ ತುದಿಯಲ್ಲಿ ಒಂದು ಎಳೆಯೂ ಬಿಚ್ಚಿಲ್ಲ. ಹೊಳೆದಂಡೆಯಲ್ಲಿ ಆ ನಲವತ್ತು ಜನರಿಗೆ ಎರಡು ಪದರ ಕೊಟ್ಟ ಜಾಗಕ್ಕೆ ಬೆರಳಿಟ್ಟು ತೋರಿಸಿ ಹೇಳಿದೆ, ಮೊದಲು ಕೈಬಿಟ್ಟವಳು ನಾನು ಎಂದು. ಮುಂದಿನ ಸೀಟಿನಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ.