ಅಕ್ಕನಿಗೆ ನೀರಿನ ಫಿಲ್ಟರ್ ಮಾರಿದ ಸಂದರ್ಶನ

ಉದ್ಯೋಗ ಮೇಳದ ಮಾನ್ಯ ಅಧಿಕಾರಿಗಳೇ,

ಬೈಲಹೊಂಗಲದಲ್ಲಿ ತಾವು ಏರ್ಪಡಿಸಿದ್ದ ಮೇಳದಲ್ಲಿ ನನಗೆ ಕೆಲಸ ಸಿಗಲಿಲ್ಲ. ಅದು ನನ್ನ ದೂರಲ್ಲ. ನನ್ನನ್ನು ಬಲ್ಲವರಾರಿಗೂ ಅದರಿಂದ ಆಶ್ಚರ್ಯವಾಗಿಲ್ಲ. ಸಂದರ್ಶನದ ಹೆಸರಿನಲ್ಲಿ ಒಂದು ಕಂಪನಿಯವರು ನನ್ನ ಅಕ್ಕನನ್ನೇ ಗಿರಾಕಿ ಮಾಡಿಕೊಳ್ಳಲು ಹೊರಟರಲ್ಲ, ಅದು ನನ್ನ ದೂರು.

ನಾನು ನೇಸರಗಿಯ ಬಸ್ ನಿಲ್ದಾಣದ ಎದುರು ಮೊಬೈಲ್ ರಿಚಾರ್ಜ್ ಅಂಗಡಿ ಇಟ್ಟಿದ್ದವನು. ಊರಿನ ಜನ ತಮ್ಮ ಫೋನಿಗೆ ತಾವೇ ರಿಚಾರ್ಜ್ ಮಾಡಿಕೊಳ್ಳಲು ಕಲಿತರು. ಕಲಿಸಿದವನೂ ನಾನೇ. ಕೇಳಿದವರಿಗೆಲ್ಲ ಪ್ರೀತಿಯಿಂದ ಹೇಳಿಕೊಟ್ಟು ಕಡೆಗೆ ಅಂಗಡಿಯ ಬಾಗಿಲು ಹಾಕಿದೆ. ಇಂಥ ವ್ಯಾಪಾರಬುದ್ಧಿಯವನು ನಲವತ್ತು ದಾಟಿದ ಮೇಲೆ ಮಾರಾಟ ಪ್ರತಿನಿಧಿಯಾಗಲು ಹೊರಟಿದ್ದು ತಮಗೂ ನಗು ತರಿಸಬಹುದು. ಹೆಂಡತಿ ಮಂಜುಳಾ ಮಾತ್ರ ನಗಲಿಲ್ಲ. ನನ್ನ ಒಂದೇ ಒಂದು ಒಳ್ಳೆಯ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. ಅದೀಗ ಬಿಗಿ. ಉಸಿರು ಹಿಡಿದರಷ್ಟೇ ಗುಂಡಿ ಕೂಡುತ್ತಿತ್ತು.

ನೀರಿನ ಫಿಲ್ಟರ್ ಕಂಪನಿಯ ಮಳಿಗೆಯಲ್ಲಿ ಕುಳಿತಿದ್ದ ಯುವಕ ನನ್ನ ಅನುಭವವನ್ನೇನೂ ಕೇಳಲಿಲ್ಲ.

"ಫೋನ್ ತಗೀರಿ ಅಂಕಲ್. ನಿಮ್ಮ ಮಂದ್ಯಾಗ ಯಾರಿಗರೆ ಹಚ್ಚಿ ಈಗ ಒಂದು ಫಿಲ್ಟರ್ ಮಾರ್ರಿ. ಸ್ಪೀಕರ್ ಆನ್ ಇರ್ಲಿ."

ಮನೋಳಿಯಲ್ಲಿರುವ ಅಕ್ಕ ಮಹಾನಂದಾಳಿಗೆ ಹಚ್ಚಿದೆ. ನನ್ನ ಮಾತಿಗೆ ಇಲ್ಲವೆನ್ನದವರು ಆ ಫೋನಿನಲ್ಲಿ ಅವಳೊಬ್ಬಳೇ. ಕಂಪನಿಯವರಿಗೆ ಮೆಚ್ಚುಗೆಯಾಗಲೆಂದು ಪುಸ್ತಕದ ಭಾಷೆಯಲ್ಲಿ ಶುರುಮಾಡಿದೆ: "ನಮಸ್ಕಾರ ಮೇಡಂ. ತಾವು ಕುಡಿಯುವ ನೀರು ಶುದ್ಧವೇ?"

"ಯಾವನಲೇ ನೀ?" ಎಂದಳು ಅಕ್ಕ. "ನನ್ನ ತಮ್ಮನ ಧ್ವನಿ ಮಾಡಿ ಮಾತಾಡಾಕ ಹತ್ತೀಯೇನು? ಟೀವ್ಯಾಗ ಎಲ್ಲಾ ತೋರಿಸ್ಯಾರ. ಪೊಲೀಸರಿಗೆ ಹೇಳತೇನಿ ನೋಡು!"

ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಯಕ್ಕಾ, ನಾನ ಅದೇನಿ, ಅರ್ಜುನ."

"ಹಂಗಾದ್ರ ಸಾಲ್ಯಾಗ ನಿನಗ ಏನಂತ ಕರೀತಿದ್ರು, ಹೇಳು."

ಅಷ್ಟು ಜನರ ಮುಂದೆ ಹೇಳಲೇಬೇಕಾಯಿತು: "ಉಪ್ಪಿಟ್ಟು."

ಅಕ್ಕನ ಧ್ವನಿ ಮೆತ್ತಗಾಯಿತು. "ಅಂಗಡಿ ಮುಚ್ಚಿದ ಮ್ಯಾಲ ಭಾಳ ಸೊರಗೀಯಂತ ಮಂಜುಳಾ ಹೇಳಿದ್ಲು. ನಾ ಇದನ್ನ ತಗೊಂಡ್ರ ನಿನಗ ನೌಕರಿ ಕೊಡತಾರೇನು?"

ಹೌದೆನ್ನಿ ಎಂದು ಯುವಕ ತಲೆಯಾಡಿಸಿದ. ನಾನು ಹೌದೆಂದೆ.

"ಒಂದು ಕಳಸಾಕ ಹೇಳು. ಹೊಲಿಗಿ ಮಷೀನಿಗಂತ ಕೂಡಿಟ್ಟ ರೊಕ್ಕ ಐತಿ. ಮಷೀನ್ ಮುಂದ ಯಾವಾಗರ ತಗೊಂಡ್ರಾತು."

ಯುವಕ ಹೆಬ್ಬೆರಳು ಎತ್ತಿ ತೋರಿಸಿದ. ನನ್ನ ಮೊದಲ ಮಾರಾಟ ಕುದುರಿತ್ತು. ಹಿಡಿದಿದ್ದ ಉಸಿರು ಹೊರಬಿತ್ತು. ಅಂಗಿಯ ಗುಂಡಿ ಹಾರಿ ಅವನ ಮೇಜಿನ ಮೇಲೆ ಬಿತ್ತು.

"ಬ್ಯಾಡ ಯಕ್ಕಾ! ನಿಮ್ಮ ನೀರು ಚಲೋ ಅದಾವ. ಮಷೀನ್ ತಗೋ," ಎಂದು ಫೋನ್ ಇಟ್ಟೆ.

"ಆಗಿದ್ದ ವ್ಯಾಪಾರ ಕೆಡಿಸಿದ್ರಲ್ಲ ಅಂಕಲ್! ಮುಂದಿನವ್ರು ಬರ್ರಿ," ಎಂದನಾತ. ಅಕ್ಕನ ನಂಬರನ್ನು ನನ್ನ ಫೋನ್ ನೋಡಿ ಆಗಲೇ ಬರೆದುಕೊಂಡಿದ್ದ. ಅದನ್ನು ಕಂಡಿದ್ದ, ನನ್ನ ಹಿಂದಿನ ಸವದತ್ತಿಯ ಹುಡುಗಿ ಮುಸ್ಕಾನ್ ಮುಂದೆ ಬಂದು, "ನೌಕರಿ ನನಗ ಕೊಡೂದಾದ್ರ ನಮ್ಮಮ್ಮನ ನಂಬರ್ ಯಾಕ ಬೇಕ್ರಿ?" ಎಂದು ಕೇಳಿದಳು. ನನಗೆ ಹೊಳೆಯದ ಪ್ರಶ್ನೆ ಅದು. ಯುವಕ ಅವಳ ಹಿಂದಿದ್ದವರನ್ನು ಕರೆದ, ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಆಮೇಲೆ ಕಂಪನಿಯವರು ಅಕ್ಕನಿಗೆ ದಿನವೂ ಫೋನ್ ಮಾಡತೊಡಗಿದರು. "ನಿಮ್ಮ ತಮ್ಮನ ನೌಕರಿ ನಿಮ್ಮ ಕೈಯಾಗ ಐತ್ರಿ," ಎನ್ನುತ್ತಿದ್ದರಂತೆ. ಅವಳು ಇನ್ನೇನು ಒಪ್ಪುವವಳಿದ್ದಳು. ನಾನೇ ಮನೋಳಿಗೆ ಹೋಗಿ, ಆ ನೌಕರಿ ಇಲ್ಲವೆಂದು ತಿಳಿಸಿದೆ.

"ಇಷ್ಟು ಹೇಳಾಕ ಬಸ್ ಹತ್ತಿ ಬಂದ್ಯಾ? ಕೈಕಾಲ ತೊಳಕೊ, ರೊಟ್ಟಿ ಬಿಸಿ ಅದಾವ," ಎಂದಳು.

ಮಾನ್ಯರೇ, ಮೇಳದಲ್ಲಿ ಎಷ್ಟು ಜನಕ್ಕೆ ಉದ್ಯೋಗ ಸಿಕ್ಕಿತೆಂದು ತಾವು ಪ್ರಕಟಿಸಿದ್ದೀರಿ. ಎಷ್ಟು ಅಕ್ಕಂದಿರು, ಅತ್ತೆಯರು, ಮಾವಂದಿರು ಫಿಲ್ಟರ್ ಕೊಂಡರೆಂಬುದನ್ನೂ ವಿಚಾರಿಸುವಿರಾ? ಆ ಮಳಿಗೆಯವರನ್ನು ಕರೆಸಿ, ಬರೆದುಕೊಂಡ ನಂಬರುಗಳನ್ನೆಲ್ಲ ತಮ್ಮ ಎದುರಿನಲ್ಲೇ ಅಳಿಸಿಹಾಕಿಸಿ. ಮುಂದಿನ ಮೇಳದಲ್ಲಿ ಅವರಿಗೆ ಜಾಗ ಕೊಡಬೇಡಿ. ನನಗೆ ಕೆಲಸ ಕೊಡಿಸದಿದ್ದರೂ ನಡೆದೀತು. ತಮ್ಮನಿಗಾಗಿ ಏನನ್ನಾದರೂ ಕೊಳ್ಳುವ ಅಕ್ಕಂದಿರನ್ನು ದಯವಿಟ್ಟು ಮೇಳದಿಂದ ದೂರವಿಡಿ.

ಇಂತಿ,
ಆ ಹುದ್ದೆಗೆ ಅನರ್ಹನೆಂದು ತಾನೇ ಸಾಬೀತುಪಡಿಸಿದ,
ಅರ್ಜುನ, ನೇಸರಗಿ